ಪತ್ತೇದಾರನಿಲ್ಲದ ಪತ್ತೇದಾರಿ: ಇಂಗ್ಲಿಷ್ ಅಪರಾಧ ಕಥನ ಮತ್ತು ಕನ್ನಡ ಚಲನಚಿತ್ರ

ಇಂಗ್ಲಿಷಿನ ಪತ್ತೇದಾರಿ ಸಾಹಿತ್ಯವು ಭಾರತೀಯ ಚಲನಚಿತ್ರಕ್ಕೆ ಒದಗಿಬಂದ ಬಗೆಯನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಯಾವ ಚಿತ್ರಕ್ಕೆ ಯಾವ ಕೃತಿ ಮೂಲವೆಂಬ ಪಟ್ಟಿಯಲ್ಲಿಯೇ ಮುಗಿದುಹೋಗುತ್ತದೆ. ಆದರೆ ಆ ಪಟ್ಟಿಯಲ್ಲಿಯೇ ಗಮನಾರ್ಹವಾದ ಸಂಗತಿಯೊಂದಿದೆ. 1973ರ ಹಿಂದಿ ಚಿತ್ರ ‘ಧುಂದ್’ ಹಾಗೂ 1989ರ ಕನ್ನಡ ಚಿತ್ರ ‘ತರ್ಕ’ ಅಗಾಥಾ ಕ್ರಿಸ್ಟಿಯ ‘ದಿ ಅನ್‌ಎಕ್ಸ್‌ಪೆಕ್ಟೆಡ್ ಗೆಸ್ಟ್’ (1958) ನಾಟಕಕ್ಕೆ ಋಣಿಯಾಗಿವೆ. 1965ರ ‘ಗುಮ್‌ನಾಮ್’, 1970ರ ತಮಿಳು ಚಿತ್ರ ‘ನಡು ಇರವಿಲ್’, 2015ರ ಕನ್ನಡ ಚಿತ್ರ ‘ಆಟಗಾರ’ ಇವೆಲ್ಲ ಅದೇ ಲೇಖಕಿಯ ‘ಅಂಡ್ ದೆನ್ ದೇರ್ ವರ್ ನನ್’ (1939) ಕಾದಂಬರಿಯ ಹಾದಿ ಹಿಡಿದವು. ಈ ಎರಡೂ ಮೂಲಗಳಲ್ಲಿ ಪೊಯ್ರೋ ಇಲ್ಲ, ಮಿಸ್ ಮಾರ್ಪಲ್ ಇಲ್ಲ. ಪತ್ತೇದಾರಿ ಪ್ರಕಾರದಿಂದ ನಮ್ಮ ಚಿತ್ರರಂಗ ಮತ್ತೆ ಮತ್ತೆ ಆಯ್ದುಕೊಂಡದ್ದು ಪತ್ತೇದಾರನೇ ಇಲ್ಲದ ಕೃತಿಗಳನ್ನು. ಇದನ್ನು ಕೇವಲ ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ.

ಕನ್ನಡಿಗರಿಗೆ ಪತ್ತೇದಾರ ಅಪರಿಚಿತನಾಗಿದ್ದನೆಂಬುದು ಇದಕ್ಕೆ ಕಾರಣವಲ್ಲ. ಎನ್. ನರಸಿಂಹಯ್ಯನವರ ಪುರುಷೋತ್ತಮ, ಮಧುಸೂದನ, ಅರಿಂಜಯರು ಸಾಮಾನ್ಯ ಓದುಗರ ಮನೆಮಾತಾಗಿದ್ದರು. ಕನ್ನಡ ಚಳವಳಿಯ ನಾಯಕರಾಗಿದ್ದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಗಳನ್ನು ಬರೆದವರೇ. ಹೀಗಿದ್ದೂ 1968ರಲ್ಲಿ ದೊರೈ–ಭಗವಾನ್ ಜೋಡಿ ‘ಜೇಡರ ಬಲೆ’ಯ ಮೂಲಕ ತೆರೆಗೆ ತಂದದ್ದು ಸಿಐಡಿ 999 ಎಂಬ ಗೂಢಚಾರನನ್ನು. ರಾಜ್‌ಕುಮಾರ್ ಅಭಿನಯಿಸಿದ ಆ ಪಾತ್ರದ ವಂಶಮೂಲ ಬಾಂಡ್ ಚಿತ್ರಗಳಲ್ಲಿದೆಯೇ ಹೊರತು ಷೆರ್ಲಾಕ್ ಹೋಮ್ಸ್‌ನಲ್ಲಿಲ್ಲ. ಗೂಢಚಾರ ಬೆನ್ನಟ್ಟುತ್ತಾನೆ, ಹೊಡೆದಾಡುತ್ತಾನೆ, ಪ್ರೀತಿಸುತ್ತಾನೆ. ಪತ್ತೇದಾರನಾದರೋ ಕುಳಿತು ಯೋಚಿಸುತ್ತಾನೆ. ಅವನಿಗೆ ತಾಯಿಯಿಲ್ಲ, ಮನೆಯಿಲ್ಲ, ಕೊಲೆಯಾದವನೊಂದಿಗೆ ಬಂಧವೂ ಇಲ್ಲ. ನಾಯಕನ ನೋವಿನಲ್ಲಿ ಪಾಲು ಬಯಸುವ ಪ್ರೇಕ್ಷಕನಿಗೆ ಇಂತಹ ನಿರ್ಲಿಪ್ತನಲ್ಲಿ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ.

ಪ್ರೇಕ್ಷಕನ ಈ ಅಭಿರುಚಿಗೆ ರಂಗಪರಂಪರೆಯ ಹಿನ್ನೆಲೆಯೂ ಇದೆ. ಮೇಲವಂಕಿ, ಕುಲಗೋಡ, ಕೌಜಲಗಿಗಳನ್ನೊಳಗೊಂಡ ಗೋಕಾಕ–ಮೂಡಲಗಿ ಸೀಮೆಯನ್ನೇ ನಿದರ್ಶನವಾಗಿ ನೋಡಬಹುದು. ಇದು ಕುಲಗೋಡ ತಮ್ಮಣ್ಣನಿಂದ ರೂಪ ಪಡೆದ, ಕೌಜಲಗಿ ನಿಂಗಮ್ಮನಿಂದ ಖ್ಯಾತಿವೆತ್ತ ಶ್ರೀಕೃಷ್ಣ ಪಾರಿಜಾತದ ನೆಲ. ಪಾರಿಜಾತದ ಹೂವು ಯಾರ ಪಾಲಾಯಿತು, ಸತ್ಯಭಾಮೆ ಏಕೆ ಮುನಿದಳು ಎಂಬುದು ಆಟ ನೋಡಲು ಕುಳಿತವರಿಗೆಲ್ಲ ಮೊದಲೇ ತಿಳಿದಿರುತ್ತದೆ. ಆದರೂ ಬೆಳಗಿನವರೆಗೆ ಜನ ಕದಲುವುದಿಲ್ಲ. ಅವರ ಕುತೂಹಲ ‘ಏನಾಯಿತು’ ಎಂಬುದರಲ್ಲಿಲ್ಲ, ‘ಹೇಗಾಯಿತು, ಏಕಾಯಿತು’ ಎಂಬುದರಲ್ಲಿದೆ. ಇದಕ್ಕೆ ವ್ಯತಿರಿಕ್ತವಾಗಿ ಇಂಗ್ಲಿಷ್ ಪತ್ತೇದಾರಿಯ ಸ್ವಾರಸ್ಯವು ಕೊನೆಯ ಪುಟದವರೆಗೆ ಒಂದು ಹೆಸರನ್ನು ಬಚ್ಚಿಡುವುದರಲ್ಲಿದೆ. ಆದ್ದರಿಂದ ರೂಪಾಂತರವೆಂದರೆ ಇಲ್ಲಿ ಊರು, ಉಡುಪು, ಹೆಸರುಗಳ ಬದಲಾವಣೆಯಷ್ಟೇ ಅಲ್ಲ. ‘ಯಾರು’ ಎಂಬ ಪ್ರಶ್ನೆಯನ್ನು ‘ಏಕೆ’ ಎಂಬ ಪ್ರಶ್ನೆಯಾಗಿ ತಿರುಗಿಸುವ ಕ್ರಿಯೆ.

ಕಾನನ್ ಡಾಯ್ಲ್‌ನ ‘ದಿ ಹೌಂಡ್ ಆಫ್ ದ ಬಾಸ್ಕರ್‌ವಿಲ್ಸ್’ ಕಾದಂಬರಿ 1962ರಲ್ಲಿ ‘ಬೀಸ್ ಸಾಲ್ ಬಾದ್’ ಆದಾಗ ನಡೆದುದು ಇದೇ. ಮೂಲದಲ್ಲಿ ಕೊಲೆಯ ಪ್ರೇರಣೆ ಆಸ್ತಿಯ ಆಸೆ. ಹಿಂದಿ ಚಿತ್ರದಲ್ಲಿ ಅದು ಜಮೀನುದಾರನ ಅತ್ಯಾಚಾರಕ್ಕೆ ಬಲಿಯಾದ ಮಗಳಿಗಾಗಿ ತಂದೆ ತೀರಿಸಿಕೊಳ್ಳುವ ಸೇಡು. ಅಲ್ಲಿ ಪತ್ತೇದಾರಿಕೆಯ ಒಂದು ಪಾಲು ಅಸಿತ್ ಸೇನರ ಹಾಸ್ಯಪಾತ್ರಕ್ಕೆ ಸಂದಿರುವುದೂ ಅರ್ಥಪೂರ್ಣವಾಗಿದೆ. ಹೋಮ್ಸ್ ಇರಬೇಕಾದ ಸ್ಥಾನದಲ್ಲಿ ವಿದೂಷಕನಿದ್ದಾನೆ.

ಕನ್ನಡದ ಮಟ್ಟಿಗೆ ಈ ಪಲ್ಲಟದ ಅತ್ಯುತ್ತಮ ನಿದರ್ಶನ ಸುನಿಲ್ ಕುಮಾರ್ ದೇಸಾಯಿಯವರ ಮೊದಲ ಚಿತ್ರ ‘ತರ್ಕ’. ಕ್ರಿಸ್ಟಿಯ ನಾಟಕದಲ್ಲಿ ಮಂಜು ಕವಿದ ರಾತ್ರಿ ಕಾರು ಹಳ್ಳಕ್ಕಿಳಿದು ಸಿಲುಕಿದ ಅಪರಿಚಿತನೊಬ್ಬ ಒಂದು ಮನೆಯನ್ನು ಹೊಕ್ಕು, ಗಾಲಿಕುರ್ಚಿಯಲ್ಲಿ ಸತ್ತು ಕುಳಿತ ಗಂಡನನ್ನೂ ಪಿಸ್ತೂಲು ಹಿಡಿದು ನಿಂತ ಹೆಂಡತಿಯನ್ನೂ ಕಾಣುತ್ತಾನೆ. ಆಕೆಯನ್ನು ಉಳಿಸಲು ಸುಳ್ಳೊಂದನ್ನು ಹೆಣೆದುಕೊಡುತ್ತಾನೆ. ಸತ್ತವನು ಹಿಂದೊಮ್ಮೆ ಕುಡಿದು ಕಾರು ಓಡಿಸಿ ಮಗುವೊಂದನ್ನು ಕೊಂದಿದ್ದ. ಆ ಮಗುವಿನ ತಂದೆಯೇ ಈ ಅತಿಥಿ, ಅವನೇ ಕೊಲೆಗಾರ ಎಂಬುದು ಕೊನೆಗೆ ತಿಳಿಯುತ್ತದೆ. ‘ಧುಂದ್’ ಈ ವಸ್ತುವನ್ನು ನ್ಯಾಯಾಲಯದ ಕಟಕಟೆಗೆ ಒಯ್ದಿತು. ‘ತರ್ಕ’ ಅದನ್ನು ದಾಂಪತ್ಯದೊಳಕ್ಕೆ ತಂದಿತು. ಗಂಡನ ಸಂಶಯಪಿಶಾಚಿ ಸ್ವಭಾವ, ಹೆಂಡತಿ ಅನುಭವಿಸುವ ಭೀತಿ ಇವೇ ಚಿತ್ರದ ಕೇಂದ್ರವಾದುದರಿಂದ, ಕೊಂದವರು ಯಾರೆಂಬುದಕ್ಕಿಂತ ಆ ಮನೆಯಲ್ಲಿ ಅಷ್ಟು ಕಾಲ ನಡೆದದ್ದೇನು ಎಂಬುದು ಹೆಚ್ಚು ಕಾಡುತ್ತದೆ. ಹಾಡುಗಳಿಲ್ಲದಿರುವುದು ಕೇವಲ ಪ್ರಯೋಗಶೀಲತೆಯಲ್ಲ. ಹಾಡು ಪ್ರೇಕ್ಷಕನನ್ನು ಮನೆಯಿಂದ ಹೊರಗೊಯ್ಯುವ ಬಾಗಿಲು. ದೇಸಾಯಿ ಆ ಬಾಗಿಲನ್ನು ಮುಚ್ಚಿದರು. ಶಂಕರ್ ನಾಗ್, ದೇವರಾಜ್, ವನಿತಾ ವಾಸು ಅವರ ಅಭಿನಯ ಆ ಇಕ್ಕಟ್ಟಿನಲ್ಲಿಯೇ ಬೆಳೆಯುತ್ತದೆ. ಮರುವರ್ಷವೇ ಇದು ‘ಪುರಿಯಾದ ಪುದಿರ್’ ಎಂಬ ಹೆಸರಿನಲ್ಲಿ ತಮಿಳಿಗೆ ಹೋಯಿತು.

ಕೆ.ಎಂ. ಚೈತನ್ಯ ನಿರ್ದೇಶನದ ‘ಆಟಗಾರ’ದ ಸವಾಲು ಬೇರೆಯದು. ಕಾನೂನಿನ ಕೈಗೆ ಸಿಗದ ಹತ್ತು ಮಂದಿ ಅಪರಾಧಿಗಳನ್ನು ದ್ವೀಪವೊಂದರಲ್ಲಿ ಕೂಡಿಹಾಕಿ ಒಬ್ಬೊಬ್ಬರನ್ನಾಗಿ ಕೊಲ್ಲುವ ಮೂಲ ಕಾದಂಬರಿಯಲ್ಲಿ ಕೊಲೆಗಾರ ಒಬ್ಬ ನ್ಯಾಯಾಧೀಶ, ಯಾರೂ ಉಳಿಯುವುದಿಲ್ಲ. ಈ ಕಠೋರತೆಯನ್ನು ಕ್ರಿಸ್ಟಿಯೇ 1943ರ ನಾಟಕರೂಪದಲ್ಲಿ ತಗ್ಗಿಸಿ ಇಬ್ಬರನ್ನು ಉಳಿಸಿದಳು. ‘ಗುಮ್‌ನಾಮ್’ ಇನ್ನೂ ಮುಂದೆ ಹೋಗಿ ನಾಯಕನನ್ನು ವೇಷ ಮರೆಸಿಕೊಂಡ ಪೊಲೀಸ್ ಅಧಿಕಾರಿಯನ್ನಾಗಿಸಿತು. ‘ಆಟಗಾರ’ ಅತಿಥಿಗಳನ್ನು ರಿಯಾಲಿಟಿ ಷೋ ನೆಪದಲ್ಲಿ ದ್ವೀಪಕ್ಕೆ ಕರೆತರುವುದು ಸಮರ್ಥ ಕಲ್ಪನೆ. ಮೂಲದ ಅನಾಮಿಕ ಆಮಂತ್ರಣಪತ್ರಕ್ಕೆ ಇಂದಿನ ಕಾಲದಲ್ಲಿ ಇದಕ್ಕಿಂತ ಸಹಜವಾದ ಬದಲಿ ಸಿಗುವುದು ಕಷ್ಟ. ನೋಡಿಸಿಕೊಳ್ಳುವ ಆಸೆಯೇ ಇಲ್ಲಿ ಬಲೆಯಾಗುತ್ತದೆ.

ಪತ್ತೇದಾರನನ್ನು ಉಳಿಸಿಕೊಂಡ ರೂಪಾಂತರಗಳೂ ಇಲ್ಲದಿಲ್ಲ. ಆದರೆ ಅಲ್ಲಿ ಅವನು ಮೊದಲು ನಂಟನಾಗಬೇಕಾಯಿತು. ಋತುಪರ್ಣ ಘೋಷ್ ಅವರ ‘ಶುಭೋ ಮಹುರತ್’ (2003) ಚಿತ್ರದಲ್ಲಿ ಮಿಸ್ ಮಾರ್ಪಲ್ ಬಂಗಾಳಿ ಮನೆಯ ಅತ್ತೆಯಾದಳು. ಕನ್ನಡದ ‘ಶಿವಾಜಿ ಸುರತ್ಕಲ್’ (2020) ಹೋಮ್ಸ್‌ನ ಛಾಯೆಯ ಅಧಿಕಾರಿಗೆ ಪತ್ನೀವಿಯೋಗದ ದುಃಖವನ್ನು ಕೊಟ್ಟಿತು. ‘ಬೆಲ್ ಬಾಟಂ’ (2019) ಮಾತ್ರ ಇಂಗ್ಲಿಷಿನತ್ತ ನೋಡದೆ, ಕನ್ನಡದ್ದೇ ಆದ ಪತ್ತೇದಾರಿ ಓದಿನ ನೆನಪಿನಿಂದ ತನ್ನ ದಿವಾಕರನನ್ನು ಕಟ್ಟಿಕೊಂಡಿತು.

ಈ ಪಲ್ಲಟದಿಂದ ಲಾಭವಾದಂತೆ ನಷ್ಟವೂ ಆಗಿದೆ. ಎಲ್ಲ ಸುಳಿವುಗಳೂ ಓದುಗನ ಮುಂದಿರಬೇಕೆಂಬುದು 1929ರಲ್ಲಿ ರೊನಾಲ್ಡ್ ನಾಕ್ಸ್ ವಿಧಿಸಿದ ನಿಯಮಗಳ ಸಾರ. ಓದುಗನು ಪತ್ತೇದಾರನಿಗೆ ಸರಿಸಮಾನನೆಂಬ ಗೌರವ ಅದರಲ್ಲಿದೆ. ‘ಏಕೆ’ ಎಂಬುದರ ಉತ್ತರವನ್ನು ಕೊನೆಯ ಹಿನ್ನೋಟದಲ್ಲಿ ಒಮ್ಮೆಲೇ ಸುರಿಯುವ ಚಿತ್ರಗಳು ಆ ಗೌರವವನ್ನು ಕಳೆಯುತ್ತವೆ. ಕೊಂದವನ ನೋವು ನ್ಯಾಯವಾದುದೆಂದು ತೋರಿದೊಡನೆ ಕೊಲೆಯೂ ನ್ಯಾಯವಾಗಿಬಿಡುವ ಅಪಾಯ ಇನ್ನೂ ದೊಡ್ಡದು. ‘ತರ್ಕ’ದ ಹಿರಿಮೆಯಿರುವುದು ಹೆಂಡತಿಯ ನೋವನ್ನು ಮೊದಲಿನಿಂದಲೇ ಪ್ರೇಕ್ಷಕನ ಕಣ್ಣೆದುರು ಇರಿಸಿ, ಅದನ್ನೇ ಸುಳಿವಾಗಿಯೂ ಬಳಸಿಕೊಂಡುದರಲ್ಲಿ. ಮುಂದಿನ ರೂಪಾಂತರಕಾರರು ಆ ಚಿತ್ರದಿಂದ ಕಲಿಯಬೇಕಾದುದು ಕಥೆಯನ್ನಲ್ಲ, ಈ ಪ್ರಾಮಾಣಿಕತೆಯನ್ನು.