ವ್ಯೂಫೈಂಡ್: ತೂಕದ ಕಲ್ಲು ಗ್ರಂಥಪಾಲಕರ ಕೈಯಲ್ಲಿ

ಗ್ರಂಥಾಲಯದ ಕಂಪ್ಯೂಟರಿನಲ್ಲಿ ಪುಸ್ತಕ ಹುಡುಕುವ ವ್ಯವಸ್ಥೆಯನ್ನು ಬಹುಕಾಲ ಓದುಗರನ್ನು ನೆನೆದು ರೂಪಿಸಿರಲಿಲ್ಲ. ಖರೀದಿ, ಎರವಲು, ದಂಡದ ಲೆಕ್ಕ ಇಡುವ ತಂತ್ರಾಂಶದ ಮೂಲೆಯಲ್ಲಿ ಒಂದು ಹುಡುಕು ಪುಟ ಇರುತ್ತಿತ್ತು, ಅಷ್ಟೆ. 2006ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯ ಎಂಡೆಕಾ ಎಂಬ ವಾಣಿಜ್ಯ ತಂತ್ರಾಂಶವನ್ನು ತನ್ನ ಗ್ರಂಥಸೂಚಿಗೆ ಜೋಡಿಸಿ ಬೇರೆ ದಾರಿ ತೋರಿಸಿತು. ಮರುವರ್ಷ ಪೆನ್ಸಿಲ್ವೇನಿಯಾದ ವಿಲನೋವಾ ವಿಶ್ವವಿದ್ಯಾಲಯದ ಗ್ರಂಥಾಲಯ ಅಂಥದೇ ಸೌಲಭ್ಯವನ್ನು ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಮುಕ್ತ ತಂತ್ರಾಂಶವಾಗಿ ಹೊರತಂದಿತು. ಅದೇ ವ್ಯೂಫೈಂಡ್.

ಇದು ಹಳೆಯ ತಂತ್ರಾಂಶವನ್ನು ಕಿತ್ತುಹಾಕುವುದಿಲ್ಲ. ಅದರಲ್ಲಿ ಮಾರ್ಕ್ ಎಂಬ ನಮೂನೆಯಲ್ಲಿರುವ ಪುಸ್ತಕ ದಾಖಲೆಗಳ ಪ್ರತಿಯನ್ನು ಸೋಲರ್ ಎಂಬ ಹುಡುಕು ಎಂಜಿನ್ನಿಗೆ ತುಂಬಿಕೊಳ್ಳುತ್ತದೆ. ಪುಸ್ತಕ ಕಪಾಟಿನಲ್ಲಿದೆಯೋ ಎರವಲು ಹೋಗಿದೆಯೋ ಎಂಬುದನ್ನಷ್ಟೇ ಹುಡುಕಿದ ಕ್ಷಣದಲ್ಲೇ ಮೂಲ ವ್ಯವಸ್ಥೆಯನ್ನು ಕೇಳಿ ತಿಳಿಸುತ್ತದೆ. ಫಲಿತಾಂಶದ ಪಕ್ಕದಲ್ಲಿ ಲೇಖಕ, ಭಾಷೆ, ವಿಷಯ, ವರ್ಷಗಳ ಪಟ್ಟಿ ಇರುತ್ತದೆ. ಒಂದೊಂದನ್ನೇ ಒತ್ತುತ್ತ ರಾಶಿಯನ್ನು ಕಿರಿದು ಮಾಡಿಕೊಳ್ಳಬಹುದು. ಈಗ ಎಲ್ಲ ಕಡೆ ಇದು ಮಾಮೂಲಿ.

ನನಗೆ ಮುಖ್ಯವೆನಿಸುವುದು ಬೇರೆ. ಯಾವ ಪುಸ್ತಕ ಪಟ್ಟಿಯ ಮೇಲೆ ಬರಬೇಕು, ಯಾವುದು ಕೆಳಗಿಳಿಯಬೇಕು ಎಂಬ ತೀರ್ಮಾನ ಇಲ್ಲಿ ಗುಟ್ಟಲ್ಲ. ಅದು ಒಂದು ಸರಳ ಪಠ್ಯ ಕಡತದಲ್ಲಿದೆ. ಸಾಮಾನ್ಯ ಹುಡುಕಾಟದಲ್ಲಿ ಪದವು ಕಿರುಶೀರ್ಷಿಕೆಯಲ್ಲಿ ಸಿಕ್ಕರೆ 750, ಲೇಖಕರ ಹೆಸರಿನಲ್ಲಿ ಸಿಕ್ಕರೆ 300, ಪರಿವಿಡಿಯಲ್ಲಿ ಸಿಕ್ಕರೆ 10, ಹೀಗೆ ತೂಕ ಕಟ್ಟಿದ್ದಾರೆ. ಪ್ರಬಂಧ ಸಂಕಲನಗಳೇ ಹೆಚ್ಚಿರುವ ಗ್ರಂಥಾಲಯ ಪರಿವಿಡಿಯ ತೂಕ ಏರಿಸಿಕೊಳ್ಳಬಹುದು. ಕೊಂಡು ತರುವ ವಾಣಿಜ್ಯ ತಂತ್ರಾಂಶಗಳಲ್ಲಿ ಬಹುಮಟ್ಟಿಗೆ ಕಂಪನಿಯವರ ಕೈಲಿರುವ ಈ ಅಧಿಕಾರ ಇಲ್ಲಿ ಗ್ರಂಥಪಾಲಕರದ್ದಾಗುತ್ತದೆ. ಓದುಗರನ್ನು ಬಲ್ಲವರೇ ಇದನ್ನು ನಿರ್ಧರಿಸಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ಕನ್ನಡದ ವಿಷಯಕ್ಕೆ ಬಂದರೆ ತೊಡಕು ಶುರುವಾಗುತ್ತದೆ. ದಕ್ಷಿಣ ಏಷ್ಯಾದ ಪುಸ್ತಕಗಳ ದೊಡ್ಡ ಸಂಗ್ರಹವಿರುವ ಶಿಕಾಗೊ ವಿಶ್ವವಿದ್ಯಾಲಯದ ಗ್ರಂಥಸೂಚಿಯೂ ವ್ಯೂಫೈಂಡಿನ ಮೇಲೆ ನಿಂತಿದೆ. ಅಮೆರಿಕದ ಗ್ರಂಥಾಲಯಗಳು ಕನ್ನಡ ಶೀರ್ಷಿಕೆಗಳನ್ನು ಲೈಬ್ರರಿ ಆಫ್ ಕಾಂಗ್ರೆಸ್ಸಿನ ಕ್ರಮದಂತೆ ರೋಮನ್ ಲಿಪಿಯಲ್ಲಿ ದಾಖಲಿಸುತ್ತ ಬಂದಿವೆ. ‘ಮರಳಿ ಮಣ್ಣಿಗೆ’ ಸುಲಭವಾಗಿ ಸಿಗುತ್ತದೆ. ಅಕ್ಷರದ ಮೇಲಿನ, ಕೆಳಗಿನ ಚುಕ್ಕೆ ಗೆರೆಗಳನ್ನು ಸೋಲರ್ ಕಡೆಗಣಿಸಬಲ್ಲದು. ‘ಚೋಮನ ದುಡಿ’ ಹಾಗಲ್ಲ. ಆ ಕ್ರಮದಲ್ಲಿ ‘ಚ’ಕಾರಕ್ಕೆ ಬರಿಯ ‘ಸಿ’ ಅಕ್ಷರ. ನಾವು ಟೈಪ್ ಮಾಡುವುದು ‘ಸಿಎಚ್’. ಬೇರೇನೂ ಅಳವಡಿಸದಿದ್ದರೆ ಎರಡೂ ಒಂದೇ ಎಂದು ಯಂತ್ರಕ್ಕೆ ಗೊತ್ತಾಗುವುದಿಲ್ಲ, ಪುಸ್ತಕ ಇದ್ದೂ ಇಲ್ಲದಂತಾಗುತ್ತದೆ.

ಕನ್ನಡ ಲಿಪಿಯಲ್ಲೇ ದಾಖಲಿಸಿದರೂ ಕಷ್ಟ ಮುಗಿಯದು. ವ್ಯೂಫೈಂಡಿನೊಂದಿಗೆ ಬರುವ ಪದಮೂಲ ಹಿಡಿಯುವ ಏರ್ಪಾಡು ಇಂಗ್ಲಿಷಿಗೆ ತಕ್ಕದ್ದು. ‘ಮಲೆ’ ಎಂದು ಹುಡುಕಿದವರಿಗೆ ‘ಮಲೆಗಳಲ್ಲಿ ಮದುಮಗಳು’ ತಾನಾಗಿ ಎದುರಾಗುವುದಿಲ್ಲ. ಪದದ ಕೊನೆಗೆ ನಕ್ಷತ್ರ ಚಿಹ್ನೆ ಹಾಕಬೇಕೆಂದು ತಿಳಿದಿರಬೇಕು. ವಿಭಕ್ತಿ, ಬಹುವಚನಗಳೆಲ್ಲ ಪದಕ್ಕೇ ಅಂಟಿಕೊಳ್ಳುವ ಭಾಷೆಗೆ ಇದು ಸಣ್ಣ ಕೊರತೆಯಲ್ಲ.

ಹಾಗೆಂದು ಇವು ಬೀಗ ಹಾಕಿದ ಕೊರತೆಗಳೂ ಅಲ್ಲ. ಉದಾಹರಣೆಗೆ, ದಾಖಲೆಯ ಭಾಷಾ ಸಂಕೇತ ನೋಡಿ ಕನ್ನಡ ಪುಸ್ತಕಗಳಿಗಷ್ಟೇ ಒಂದು ಪ್ರತ್ಯೇಕ ಅಂಕಣ ಮಾಡಿ, ಅದರಲ್ಲಿ ‘ಸಿಎಚ್’ ಮತ್ತು ‘ಸಿ’ಯನ್ನು ಒಂದಾಗಿಸಬಹುದು. ಇಂಗ್ಲಿಷ್ ಪುಸ್ತಕಗಳ ಹುಡುಕಾಟ ಕೆಡುವುದಿಲ್ಲ.

ಎಲ್ಲರಿಗೂ ಇದು ಬೇಕೆಂದು ನಾನು ಹೇಳಲಾರೆ. ಕೋಹಾ ಎಂಬ ಗ್ರಂಥಾಲಯ ನಿರ್ವಹಣಾ ತಂತ್ರಾಂಶ ಬಳಸುವ ಒಂದು ಕಾಲೇಜಿಗೆ ಅದರದೇ ಹುಡುಕು ಪುಟ ಸಾಕು. ಲೇಖಕ, ವಿಷಯಗಳ ಪಟ್ಟಿ ಅಲ್ಲೂ ಇದೆ. ಅದರ ಮೇಲೆ ವ್ಯೂಫೈಂಡ್ ಹೂಡಿದರೆ ಸೋಲರ್ ಸರ್ವರ್ ನೋಡಿಕೊಳ್ಳುವ, ಆವೃತ್ತಿ ಬದಲಾದಾಗ ಸಂಯೋಜನೆ ಸರಿಪಡಿಸುವ ಕೆಲಸ ಹೆಗಲೇರುತ್ತದೆ. ತಂತ್ರಾಂಶಕ್ಕೆ ಬೆಲೆಯಿಲ್ಲದಿದ್ದರೂ ಅದನ್ನು ಬಲ್ಲವರಿಗೆ ಸಂಬಳ ಕೊಡಬೇಕು. ಬೇರೆ ಬೇರೆ ತಂತ್ರಾಂಶ ಬಳಸುವ ಹಲವು ಗ್ರಂಥಾಲಯಗಳು ಒಂದೇ ಹುಡುಕಾಟ ಬಯಸಿದಾಗ ಮಾತ್ರ ಲೆಕ್ಕ ಬದಲಾಗುತ್ತದೆ. ಆಗ ಒಬ್ಬ ತಂತ್ರಜ್ಞರ ಸಂಬಳವನ್ನು ಎಲ್ಲರೂ ಹಂಚಿಕೊಳ್ಳಬಹುದು, ಕನ್ನಡದ ಅಂಕಣವನ್ನು ಒಮ್ಮೆ ಕಟ್ಟಿದರೆ ಸಾಕು.