ಪೇವರ್ಸಿನ ಕೆಳಗಿನ ಎರಿಮಣ್ಣು

ಮಳೆಗಾಲ ಮುಗಿದ ಮೇಲೆ ಕುಲಗೋಡದ ಕಡೆಯ ಒಂದು ಮನೆಯ ಅಂಗಳದಲ್ಲಿ ಗೌಂಡಿಯೊಬ್ಬರು ಹಾರಿ ಹಾಕಿ ಪೇವರ್ ಎಬ್ಬಿಸುವುದನ್ನು ನೋಡುತ್ತ ನಿಂತಿದ್ದೆ. ಹಾಸಿ ಎರಡು ವರ್ಷ ತುಂಬಿರಲಿಲ್ಲ, ಮೇಲಿನ ಕೆಂಪು ಬಣ್ಣ ಇನ್ನೂ ಮಿರುಗುತ್ತಿತ್ತು. ಕೆಳಗೆ ಮಾತ್ರ ಉಸುಕೇ ಇರಲಿಲ್ಲ. ಅಂಗೈ ತೂರುವಷ್ಟು ಪೊಳ್ಳು, ಅದರ ತಳದಲ್ಲಿ ಬೆಣ್ಣೆಯಂತೆ ಮೆತ್ತಗಾದ ಎರಿಮಣ್ಣು. ಗಟಾರದ ಕಡೆಯ ಅಂಚಿಗೆ ಆಸರೆ ಕಟ್ಟಿರಲಿಲ್ಲವಾದ್ದರಿಂದ ಉಸುಕೆಲ್ಲ ಒಂದೊಂದೇ ಮಳೆಗೆ ಅತ್ತ ಹರಿದು ಹೋಗಿತ್ತು. "ಕಲ್ಲಿಗ್ಯಾಕ ಬೈತೀರಿ, ಬುಡಾನ ಇಲ್ಲಲ್ರೀ," ಎಂದರು ಗೌಂಡಿ.

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಈಗ ಯಾವ ಹೊಸ ಮನೆ ನೋಡಿದರೂ ಮುಂದೆ ಪೇವರ್ಸ್. ಓಣಿಗೆ, ಶಾಲೆಯ ಆವರಣಕ್ಕೆ, ಗುಡಿಯ ಸುತ್ತಿಗೆ ಎಲ್ಲ ಕಡೆಯೂ ಅವೇ. ಇದನ್ನು ಕೆಟ್ಟ ಪದ್ಧತಿ ಎಂದು ನಾನು ಹೇಳಲಾರೆ. ಮಳೆಗಾಲದ ಎರಿ ರಾಡಿಯಲ್ಲಿ ಚಪ್ಪಲಿ ಹುಗಿದು ನಿಂತವರಿಗೆ ಗಟ್ಟಿ ಅಂಗಳದ ಬೆಲೆ ಗೊತ್ತು. ನನ್ನ ತಕರಾರು ಆರಿಸುವ ರೀತಿಯ ಬಗ್ಗೆ. ಜನ ಅಂಗಡಿಗೆ ಹೋಗಿ ಬಣ್ಣ ನೋಡುತ್ತಾರೆ, ಆಕಾರ ನೋಡುತ್ತಾರೆ, ಚೌರಸ ಫೂಟಿನ ದರ ಕೇಳುತ್ತಾರೆ. ದಪ್ಪ ಎಷ್ಟು, ಯಾವ ಯಂತ್ರದಲ್ಲಿ ಒತ್ತಿದ್ದು, ನಮ್ಮ ಅಂಗಳದ ಮಣ್ಣು ಎಂಥದ್ದು ಎಂಬ ಮಾತು ಬರುವುದು ಒಡೆದ ಮೇಲೆ.

ಎರಿಮಣ್ಣಿನ ಸ್ವಭಾವ ರೈತರಿಗೆ ಹೇಳಿಕೊಡಬೇಕಿಲ್ಲ. ನೀರು ಕುಡಿದರೆ ಉಬ್ಬುತ್ತದೆ, ಬ್ಯಾಸಿಗೆಗೆ ಬಾಯಿ ಬಿಡುತ್ತದೆ. ಹೊಲದಲ್ಲಿ ಇದನ್ನು ಇಷ್ಟು ಚೆನ್ನಾಗಿ ಬಲ್ಲವರು ಅಂಗಳಕ್ಕೆ ಬಂದಾಗ ಮರೆಯುವುದೇಕೆ ಎಂದು ನನಗೆ ನಿಜಕ್ಕೂ ನೋವಾಗುತ್ತದೆ. ಇಂಥ ನೆಲದ ಮೇಲೆ ನೇರವಾಗಿ ಉಸುಕು ಚೆಲ್ಲಿ ಪೇವರ್ ಜೋಡಿಸಿದರೆ ಎರಡನೆಯ ಮಳೆಗಾಲಕ್ಕೆ ಅದು ಅಲೆಅಲೆಯಾಗಿ ಏಳುತ್ತದೆ. ಫೂಟು, ಒಂದೂವರೆ ಫೂಟು ಎರಿ ಎತ್ತಿ ಹಾಕಿ ಮುರುಮು ತುಂಬಬೇಕು. ನೀರು ಹೊಡೆದು, ರೋಲರ್ ಆಡಿಸಿ ಪದರ ಪದರವಾಗಿ ದಮ್ಮಸು ಮಾಡಬೇಕು. ಅದರ ಮೇಲೆ ಕಡಿಯ ಥರ, ಆಮೇಲೆ ಇಂಚು, ಇಂಚೂವರೆ ಉಸುಕು. ಹತ್ತು ಫೂಟಿಗೆ ಎರಡೂವರೆ ಇಂಚಿನಷ್ಟು ಇಳಿಜಾರು. ನಾಲ್ಕೂ ಅಂಚಿಗೆ ಕಾಂಕ್ರೀಟಿನ ಕಟ್ಟು. ಪೇವರ್ಸ್ ಒಂದನ್ನೊಂದು ಒತ್ತಿ ಹಿಡಿದುಕೊಂಡೇ ಭಾರ ಹೊರುವುದರಿಂದ ಒಂದು ಅಂಚು ಸಡಿಲಾದರೆ ಇಡೀ ಅಂಗಳವೇ ಸಡಿಲಾದಂತೆ. ಖರ್ಚಿನ ದೊಡ್ಡ ಪಾಲು ಇಲ್ಲಿಗೇ ಹೋಗಬೇಕು. ನಮ್ಮಲ್ಲಿ ಕಣ್ಣಿಗೆ ಕಾಣದ ಈ ಕೆಲಸದಲ್ಲೇ ಉಳಿತಾಯ ಮಾಡುತ್ತಾರೆ.

ದಪ್ಪದ ವಿಚಾರ ಅಷ್ಟು ಕಠಿಣವಲ್ಲ. 2006ರ ಭಾರತೀಯ ಮಾನಕ ಐಎಸ್ 15658 ಬರೀ ಜನ ನಡೆಯುವ ಜಾಗಕ್ಕೆ 50 ಮಿಲಿಮೀಟರ್, ಹಗುರ ವಾಹನಕ್ಕೆ 60, ಮಧ್ಯಮ ಓಡಾಟಕ್ಕೆ 80 ಎಂದು ಹೇಳಿತ್ತು. ಜೊತೆಗೆ ಕಾಂಕ್ರೀಟಿನ ಬಲ ಎಂ30, ಎಂ35, ಎಂ40 ಎಂದು ಏರುತ್ತಿತ್ತು. ಪಟ್ಟಣದ ಕಾರಿನ ಮನೆಗೆ 60 ಸಾಕು. ಆದರೆ ಇದು ಕಬ್ಬಿನ ಸೀಮೆ. ಅಂಗಳಕ್ಕೆ ಬರುವುದು ಎರಡು ಟನ್ನಿನಷ್ಟು ತೂಗುವ ಟ್ರ್ಯಾಕ್ಟರ್, ಅದರ ಹಿಂದೆ ಗೊಬ್ಬರವೋ ಗೋವಿನಜೋಳವೋ ತುಂಬಿದ ಟ್ರೇಲಿ. ಅದು ನಿಂತಲ್ಲೇ ಗಾಲಿ ತಿರುವಿದಾಗ ಕಲ್ಲನ್ನು ಹಿಂಡಿದಂತಾಗುತ್ತದೆ. ಅಲ್ಲಿ 80ಕ್ಕಿಂತ ಕಡಿಮೆ ಹಾಕುವುದು ತಪ್ಪು. ಜೋಡಣೆಯೂ ಸಾಲು ಸಾಲಾಗಿರದೆ ಮೀನಿನ ಎಲುಬಿನಂತೆ ಒಂದಕ್ಕೊಂದು ಅಡ್ಡವಾಗಿರಬೇಕು. ಆಗ ಗಾಲಿ ಯಾವ ಕಡೆಗೆ ನೂಕಿದರೂ ತಡೆಯುವ ಕಲ್ಲು ಇರುತ್ತದೆ.

ಇನ್ನು ಆ ಮಿರುಗು. ರಬ್ಬರ್ ಅಚ್ಚಿನಲ್ಲಿ ನೀರಾದ ಕಾಂಕ್ರೀಟ್ ಸುರಿದು ತೆಗೆದ ಪೇವರ್ ಕನ್ನಡಿಯಂತೆ ಹೊಳೆಯುತ್ತದೆ, ಯಂತ್ರದಲ್ಲಿ ಒತ್ತಿ ತೆಗೆದದ್ದು ಒರಟು. ಅಂಗಡಿಯಲ್ಲಿ ಗೆಲ್ಲುವುದು ಹೊಳೆಯುವುದೇ. ಜಿಟಿಜಿಟಿ ಮಳೆಯಲ್ಲಿ ಅದರ ಮೇಲೆ ಕೊಡ ಹಿಡಿದು ಬರುವ ಅವ್ವಂದಿರನ್ನು, ಗೊರಸು ಜಾರಿ ಕಾಲು ಅಗಲಿಸುವ ಎತ್ತನ್ನು ನೋಡಿದವರು ಆ ಹೊಳಪನ್ನು ಮೆಚ್ಚಲಾರರು. ಕೊಳ್ಳುವ ಮುನ್ನ ಎರಡು ಕಲ್ಲು ಕೈಯಲ್ಲಿ ಹಿಡಿದು ತಾಡಿಸಿ ನೋಡಬೇಕು: ಚೆನ್ನಾಗಿ ನೀರುಣಿಸಿದ್ದು ಟಣ್ ಎನ್ನುತ್ತದೆ, ಕಚ್ಚಾ ಇದ್ದದ್ದು ಬೊದ್ದು ಸದ್ದು ಮಾಡುತ್ತದೆ. ಒಂದನ್ನು ಒಡೆಸಿ ಒಳಗೆ ನೋಡಬೇಕು. ಮೊಳೆಯಿಂದ ಗೀರಿದಾಗ ಹಿಟ್ಟು ಉದುರಿದರೆ ಆ ಲೋಡು ಬೇಡ.

ಮೊದಲು ಇಲ್ಲಿ ಇದ್ದದ್ದು ಫರಸಿ. ಕಲಬುರಗಿ ಸೀಮೆಯ ಶಹಾಬಾದದಿಂದ ಬರುವ ಸುಣ್ಣಕಲ್ಲು, ಪದರ ಪದರವಾಗಿ ಸೀಳುವಂಥದ್ದು. ಪಡಸಾಲೆಗೆ, ಕಟ್ಟೆಗೆ, ಕೂತು ಊಟ ಮಾಡುವ ಜಾಗಕ್ಕೆ ಅದನ್ನು ಮೀರಿಸುವ ಹಾಸು ನನ್ನ ಲೆಕ್ಕದಲ್ಲಿ ಇಂದಿಗೂ ಇಲ್ಲ. ಒರೆಸಿದಷ್ಟೂ ನುಣುಪಾಗುತ್ತದೆ, ಸಂಜೆಗೆ ನೀರು ಚಿಮುಕಿಸಿದರೆ ತಂಪು. ಗಾಲಿ ಹಾಯುವ ಕಡೆ ಮಾತ್ರ ಅದು ಸೋಲುತ್ತದೆ. ಅಗಲವಾದ ತೆಳು ಹಾಸಿನ ಕೆಳಗೆ ಒಂದು ಮೂಲೆ ಪೊಳ್ಳಿದ್ದರೂ ಬಾಗಲಾರದೆ ಸೀಳುತ್ತದೆ. ಚಿಕ್ಕ ದಪ್ಪ ಪೇವರ್ ಗೆಲ್ಲುವುದು ಅಲ್ಲಿಯೇ.

ಪೂರ್ತಿ ಅಂಗಳ ಮುಚ್ಚುವ ಹಟವನ್ನು ಮಾತ್ರ ನಾನು ಒಪ್ಪುವುದಿಲ್ಲ. ಬೇವಿನ ಗಿಡದ ಬುಡಕ್ಕೇ ಪೇವರ್ಸ್ ಒತ್ತಿಸಿ ಅದರ ಉಸಿರು ಕಟ್ಟಿಸಿದ್ದನ್ನು ಕಂಡಿದ್ದೇನೆ. ಏಪ್ರಿಲ್ ಬಿಸಿಲಿಗೆ ಗುಡಿಯ ಸುತ್ತಿನ ಕಾಂಕ್ರೀಟು ಬರಿಗಾಲಿನ ಭಕ್ತರ ಅಂಗಾಲು ಸುಡುತ್ತದೆ. ಮೇಲಾಗಿ ಕುಲಗೋಡ, ಶ್ರೀಕೃಷ್ಣ ಪಾರಿಜಾತದ ಆಟವನ್ನು ಬೆಳೆಸಿದ ತಮ್ಮಣ್ಣನ ಊರು. ಗೆಜ್ಜೆ ಕಟ್ಟಿ ಇಡೀ ರಾತ್ರಿ ಕುಣಿಯುವವರ ಹಿಮ್ಮಡಿಗೆ ಮಣ್ಣು ಎಷ್ಟು ದೊಡ್ಡ ಆಸರೆ ಎಂಬುದನ್ನು ಬೇರೆ ಊರಿನವರು ಮರೆತರೂ ಕುಲಗೋಡ ಮರೆಯಬಾರದು. ತುಳಸಿ ಕಟ್ಟೆಯ ಮುಂದೆ, ಗಿಡದ ಸುತ್ತ, ದನ ಕಟ್ಟುವಲ್ಲಿ ಸಾರಿಸುವಷ್ಟು ನೆಲ ಬಿಡಬೇಕು.

ಓಣಿಗಳ ವಿಷಯದಲ್ಲಿ ನಾನು ಸಿಮೆಂಟ್ ರಸ್ತೆಗಿಂತ ಪೇವರ್ಸ್ ಪರ. ನೀರಿನ ಪೈಪಿಗೆ ಅಗೆದರೆ ಎತ್ತಿಟ್ಟು ಮತ್ತೆ ಕೂಡಿಸಬಹುದು. ಎಷ್ಟೋ ಕಡೆ ಅಗೆದವರು ಹಾಗೆ ಮಾಡದೆ ಒಂದು ಬುಟ್ಟಿ ಸಿಮೆಂಟ್ ಮೆತ್ತಿ ಹೋಗುತ್ತಾರೆ. ಅದರಿಂದ ಪೇವರ್ ಹಾಕಿದ ಉದ್ದೇಶವೇ ಹಾಳಾಗುತ್ತದೆ.

ಗೌಂಡಿ ಪೇವರ್ ಎಬ್ಬಿಸುತ್ತಿದ್ದ ಆ ಮನೆಯವರು ಅಂಗಳವನ್ನು ಮತ್ತೆ ಬುಡದಿಂದ ಕಟ್ಟಿಸಿದರು. ಮುರುಮು ತುಂಬಿ ಅಂಚು ಬಿಗಿಸಿ, ಗಟ್ಟಿ ಇದ್ದ ಹಳೆಯ ಕಲ್ಲುಗಳನ್ನು ಒಳಗೂ, ಹೊಸ 80ರವನ್ನು ಗಾಲಿಯ ದಾರಿಗೂ ಹಾಸಿದರು. ಬ್ಯಾಸಿಗೆಯಲ್ಲಿ ಮಗಳ ಮದುವೆ. ಸಿಮೆಂಟ್ ಅಂಗಳದ ಮನೆಗಳಲ್ಲಿ ಮದುವೆ ಹಂದರದ ಹಾಲಗಂಬವನ್ನು ಬಣ್ಣದ ಡಬ್ಬಿಯಲ್ಲಿ ಉಸುಕು ತುಂಬಿ ನಿಲ್ಲಿಸುತ್ತಾರೆ. ಇಲ್ಲಿ ಹಿರಿಯರೊಬ್ಬರು ಹಾರಿಯಿಂದ ನಾಲ್ಕು ಪೇವರ್ ಎತ್ತಿ ಪಕ್ಕಕ್ಕಿಟ್ಟರು, ಮೊಳಕೈಯುದ್ದ ತಗ್ಗು ತೋಡಿದರು, ಅರಿಷಿಣ ಕುಂಕುಮ ಹಚ್ಚಿ ಕಂಬವನ್ನು ನೆಲಕ್ಕೇ ನೆಟ್ಟರು. ಮದುವೆ ಮುಗಿದು ಹಂದರ ಬಿಚ್ಚಿದ ಮೇಲೆ ಆ ನಾಲ್ಕು ಕಲ್ಲು ಮತ್ತೆ ಅದೇ ಜಾಗದಲ್ಲಿ ಕುಳಿತಿದ್ದವು. ಸಂದಿಯಲ್ಲಿ ಒಂದಿಷ್ಟು ಅರಿಷಿಣ ಉಳಿದಿತ್ತು.