ತಾನಾಗಿ ಬರಬೇಕಾದ ಡಿಸ್ಕ್ ಬಾರದಿದ್ದಾಗ

ಲಿನಕ್ಸ್ ಗಣಕಕ್ಕೆ ಪೆನ್‌ಡ್ರೈವ್ ಅಥವಾ ಹೊರಗಿನ ಹಾರ್ಡ್‌ಡಿಸ್ಕ್ ಜೋಡಿಸಿದೊಡನೆ ಪರದೆಯ ಮೇಲೆ ಅದರ ಚಿಹ್ನೆ ಮೂಡುವುದನ್ನು ನೀವು ನೋಡಿರಬಹುದು. ಡಿಸ್ಕಿನಲ್ಲಿರುವ ಕಡತಗಳು ನಮ್ಮ ಬಳಕೆಗೆ ಸಿಗುವಂತೆ ಮಾಡುವ ಈ ಕ್ರಿಯೆಗೆ ‘ಮೌಂಟ್’ ಎಂದು ಹೆಸರು. ಹಿಂದೆ ಇದಕ್ಕಾಗಿ ಬಳಕೆದಾರನೇ ಆದೇಶ ಟೈಪ್ ಮಾಡಬೇಕಿತ್ತು. ಈಗ ಅದು ತಾನಾಗಿ ನಡೆಯುತ್ತದೆ; ಇದು ದೊಡ್ಡ ಅನುಕೂಲವೇ ಸರಿ. ಆದರೆ ಮೌಂಟ್ ವಿಫಲವಾದಾಗ ಈ ವ್ಯವಸ್ಥೆ ನೀಡುವ ವಿವರಣೆ ಟೀಕೆಗೆ ಅರ್ಹವಾಗಿದೆ.

ಆಗ ಸಾಮಾನ್ಯವಾಗಿ ಕಾಣುವ ಸಂದೇಶದ ಸಾರಾಂಶ ಹೀಗಿದೆ: ಕಡತ ವ್ಯವಸ್ಥೆಯ ಬಗೆ ತಪ್ಪು, ಆಯ್ಕೆ ತಪ್ಪು, ಸೂಪರ್‌ಬ್ಲಾಕ್ ಕೆಟ್ಟಿದೆ, ಸಹಾಯಕ ತಂತ್ರಾಂಶ ಇಲ್ಲ ಅಥವಾ ಬೇರೇನೋ ದೋಷ. ಜ್ವರ ಬಂದವನಿಗೆ ವೈದ್ಯರು ‘ಮಲೇರಿಯಾ, ಟೈಫಾಯಿಡ್, ಡೆಂಗಿ ಅಥವಾ ಬೇರೇನೋ ಕಾಯಿಲೆ’ ಎಂದು ಬರೆದುಕೊಟ್ಟರೆ ಹೇಗಿರುತ್ತದೆ? ಕಾರಣ ಕರ್ನೆಲ್‌ಗೆ ಬಹಳ ಸಲ ಗೊತ್ತಿರುತ್ತದೆ. ಅದು ತನ್ನ ದಾಖಲೆಯಲ್ಲಿ ಬರೆದೂ ಇಟ್ಟಿರುತ್ತದೆ. ಬಳಕೆದಾರನಿಗೆ ಮಾತ್ರ ಅದು ತಲುಪುವುದಿಲ್ಲ.

ಒಂದು ಉದಾಹರಣೆ ನೋಡಿ. ಪ್ರಯೋಗಾಲಯದ ಒಂದೇ ಗಣಕದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇವೆಯೆನ್ನಿ. 2012ರಲ್ಲಿ ಬಂದ ವಿಂಡೋಸ್ 8ರಿಂದ ‘ಫಾಸ್ಟ್ ಸ್ಟಾರ್ಟಪ್’ ಎಂಬ ಸೌಲಭ್ಯವಿದೆ. ಇದು ಚಾಲೂ ಇದ್ದರೆ, ‘ಶಟ್‌ಡೌನ್’ ಮಾಡಿದಾಗಲೂ ವಿಂಡೋಸ್ ತನ್ನ ಸ್ಥಿತಿಯ ಒಂದು ಭಾಗವನ್ನು ಡಿಸ್ಕಿನಲ್ಲಿ ಉಳಿಸಿ ಮಲಗುತ್ತದೆ. ಅಂಥ ಎನ್‌ಟಿಎಫ್‌ಎಸ್ ವಿಭಾಗದಲ್ಲಿ ಬರೆಯಲು ಲಿನಕ್ಸ್ ನಿರಾಕರಿಸುತ್ತದೆ. ಈ ನಿರಾಕರಣೆ ಸರಿಯಾದದ್ದೇ. ಬಲವಂತವಾಗಿ ಬರೆದರೆ, ವಿಂಡೋಸ್ ಎದ್ದಾಗ ತನ್ನ ಹಳೆಯ ನೆನಪನ್ನೇ ನಂಬಿ ಕಡತಗಳನ್ನು ಕೆಡಿಸಬಹುದು.

ಇಲ್ಲಿ ಬಾಯಿಂದ ಬಾಯಿಗೆ ಹರಡಿರುವ ಪರಿಹಾರಗಳನ್ನೂ ಪ್ರಶ್ನಿಸಬೇಕು. ‘ಫೋರ್ಸ್ ಹಾಕಿ ಮೌಂಟ್ ಮಾಡಿ’ ಎನ್ನುವವರಿದ್ದಾರೆ. ಇದು ಎಚ್ಚರಿಕೆಯ ಗಂಟೆಯ ಬಾಯಿ ಕಟ್ಟಿದಂತೆ. ‘ಎನ್‌ಟಿಎಫ್‌ಎಸ್‌ಫಿಕ್ಸ್’ ಎಂಬ ಉಪಕರಣವೂ ಪೂರ್ಣ ತಪಾಸಣೆ ಮಾಡುವುದಿಲ್ಲ. ಕೆಲವು ದೋಷಗಳನ್ನಷ್ಟೇ ಸರಿಪಡಿಸುತ್ತದೆ. ‘ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಪೆನ್‌ಡ್ರೈವ್ ಸೇರಿಸಿ’ ಎಂಬ ಸಲಹೆಯೂ ಉಂಟು. ‘ನೋಫೇಲ್’ ಆಯ್ಕೆ ಇಲ್ಲದೆ ಹೀಗೆ ಸೇರಿಸಿದರೆ, ಪೆನ್‌ಡ್ರೈವ್ ಇಲ್ಲದ ದಿನ ಗಣಕ ಸಾಮಾನ್ಯವಾಗಿ 90 ಸೆಕೆಂಡು ಕಾದು, ತುರ್ತು ಸ್ಥಿತಿಗೆ ಹೋಗಿ ನಿಲ್ಲಬಹುದು.

ಹಾಗಾದರೆ ಸರಿಯಾದ ಮಾರ್ಗ ಯಾವುದು? ಸ್ವಯಂಚಾಲಿತ ಮೌಂಟ್ ನಾಲ್ವರ ಕೆಲಸ. ಕರ್ನೆಲ್ ಸಾಧನವನ್ನು ಗುರುತಿಸುತ್ತದೆ. ಯುಡೆವ್ ಅದರ ಕಡತ ವ್ಯವಸ್ಥೆಯ ಬಗೆಯನ್ನು ಪತ್ತೆಹಚ್ಚುತ್ತದೆ. ಡೆಸ್ಕ್‌ಟಾಪ್ ಮೌಂಟ್‌ಗೆ ಕೋರಿಕೆ ಕಳುಹಿಸುತ್ತದೆ. ಯುಡಿಸ್ಕ್ಸ್ ಅದನ್ನು ನೆರವೇರಿಸುತ್ತದೆ. ಸರಪಳಿ ಎಲ್ಲಿ ಕಡಿದಿದೆ ಎಂಬುದನ್ನು ಮೊದಲು ಹುಡುಕಿ.

‘ಎಲ್‌-ಎಸ್‌-ಬಿ-ಎಲ್‌-ಕೆ’ ಆದೇಶಕ್ಕೆ ‘-ಎಫ್’ ಸೇರಿಸಿ ಕೊಡಿ. ಪಟ್ಟಿಯಲ್ಲಿ ಡಿಸ್ಕ್ ಇಲ್ಲವೇ? ಕೇಬಲ್, ಪೋರ್ಟ್ ಅಥವಾ ಡಿಸ್ಕನ್ನೇ ಪರೀಕ್ಷಿಸಿ. ಡಿಸ್ಕ್ ಇದೆ, ಕಡತ ವ್ಯವಸ್ಥೆಯ ಹೆಸರಿಲ್ಲವೇ? ಫಾರ್ಮ್ಯಾಟ್ ಆಗಿಲ್ಲ ಅಥವಾ ಹಾನಿಯಾಗಿದೆ ಎಂದು ಶಂಕಿಸಿ. ಕ್ಲಿಕ್ ಮಾಡಿದರೆ ತೆರೆದು, ತಾನಾಗಿ ಮಾತ್ರ ಬರುವುದಿಲ್ಲವೇ? ಡೆಸ್ಕ್‌ಟಾಪ್‌ನ ಸೆಟ್ಟಿಂಗ್ ನೋಡಿ. ಕ್ಲಿಕ್ ಮಾಡಿದರೂ ತೆರೆಯದಿದ್ದರೆ ‘ಡಿ-ಎಂ-ಇ-ಎಸ್‌-ಜಿ’ ಆದೇಶದ ಕೊನೆಯ ಸಾಲುಗಳನ್ನು ಓದಿ. ಕೆಲವು ಗಣಕಗಳಲ್ಲಿ ಇದಕ್ಕೆ ನಿರ್ವಾಹಕರ ಅನುಮತಿ ಬೇಕು. ಅಲ್ಲಿ ವಿಭಾಗ ‘ಡರ್ಟಿ’ ಎಂದಿದ್ದರೆ ವಿಂಡೋಸ್‌ಗೆ ಹೋಗಿ ಚೆಕ್‌ಡಿಸ್ಕ್ ನಡೆಸಿ, ಫಾಸ್ಟ್ ಸ್ಟಾರ್ಟಪ್ ನಿಲ್ಲಿಸಿ.

ಇಷ್ಟನ್ನು ಪರದೆಯ ಸಂದೇಶವೇ ಹೇಳಬಹುದಿತ್ತು. ತಂತ್ರಾಂಶ ರೂಪಿಸುವವರು ಅದನ್ನು ಸರಿಪಡಿಸಬೇಕು. ಅಲ್ಲಿಯವರೆಗೆ, ಶಿಕ್ಷಕರೇ, ನಿಮ್ಮ ವಿದ್ಯಾರ್ಥಿಗಳಿಗೆ ಸಿದ್ಧ ಆದೇಶಗಳನ್ನು ಬಾಯಿಪಾಠ ಮಾಡಿಸುವ ಮೊದಲು ಈ ನಾಲ್ಕು ಹಂತಗಳನ್ನು ಕಲಿಸಿ. ಒಂದು ತಪ್ಪು ಆದೇಶದಿಂದ ವರ್ಷದ ಪ್ರಾಜೆಕ್ಟೇ ಅಳಿಸಿಹೋಗುವುದು ತಪ್ಪುತ್ತದೆ.